ತಲೆಯಾಡಿಸಿ ಕೆಡಿಸಿದ ಪಾಠ

ನನ್ನ ಭಾವಮೈದುನನಿಗೆ ತಲೆ ಸರಿಯಿಲ್ಲ ಎಂದು ಚೆನ್ನೈ ಪುರಸೈವಾಕ್ಕಂನ ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದಾರೆ. ಇಸ್ತ್ರಿಯವನು ನಂಬಿದ್ದಾನೆ, ಹೂವಿನವಳು ನಂಬಿದ್ದಾಳೆ, ಕೆಳಗಿನ ಮನೆಯ ಮಾಮಿಯಂತೂ ಆಣೆ ಮಾಡಿ ಹೇಳುತ್ತಾರೆ. ನಾನೊಬ್ಬ ಮಾತ್ರ ಒಪ್ಪುವುದಿಲ್ಲ. ಯಾಕೆಂದರೆ ಸರಿಯಿಲ್ಲದ್ದು ಅವನ ತಲೆಯಲ್ಲ, ನನ್ನದು. ಅದರಲ್ಲೂ ನನ್ನ ತಲೆಯ ಹಿಂಭಾಗ! ಒಬ್ಬ ಒಳ್ಳೆಯ ಮೇಷ್ಟ್ರ ಕೋರ್ಸು ಮುಚ್ಚಿಹೋಗುವ ಹಂತಕ್ಕೆ ಬಂದದ್ದು ಈ ಬೋಳುತಲೆಯಿಂದ. ಇಷ್ಟು ದಿನ ಹೊರಗಿನವರಿಗೆ ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇನೆ. ಎಪ್ಪತ್ತು ದಾಟಿದ ಮೇಲೆ ಮರ್ಯಾದೆಗಿಂತ ನಿದ್ರೆ ಮುಖ್ಯ.

ಮೊದಲು ಅವನ ವಿಷಯ. ಅವನು ನನ್ನ ಹೆಂಡತಿಯ ತಮ್ಮ. ನಮ್ಮ ಜೊತೆಯಲ್ಲೇ ಇದ್ದಾನೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಸರ್ಕ್ಯೂಟು ಕೂಡಿ ಬರಲಿಲ್ಲ" ಎನ್ನುತ್ತಾನೆ. ಇದೇ ಊರಿನ ಗಿಂಡಿ ಬಡಾವಣೆಯ ಒಂದು ದೂರಶಿಕ್ಷಣ ಕೇಂದ್ರಕ್ಕೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಪಾಠ ಮಾಡುತ್ತಾನೆ. ದೂರಶಿಕ್ಷಣ ಎಂದರೆ ಮೇಷ್ಟ್ರು ಒಂದು ಕಡೆ, ಶಿಷ್ಯರು ನೂರು ಕಡೆ. ಅವನ ಶಿಷ್ಯರು ಹಗಲಿಡೀ ಕಾರ್ಖಾನೆಯಲ್ಲಿ ದುಡಿಯುವವರು, ಲಿಫ್ಟು ರಿಪೇರಿಯವರು, ಮನೆಗೆಲಸ ಮುಗಿಸಿ ಪುಸ್ತಕ ಹಿಡಿಯುವ ಹೆಂಗಸರು. ಇವನು ಮನೆಯಲ್ಲಿ ಪಾಠವನ್ನು ವಿಡಿಯೋ ಮಾಡಿ ಕಳಿಸಬೇಕು, ಅವರು ಅದನ್ನು ಬಸ್ಸಿನಲ್ಲೋ ರೈಲಿನಲ್ಲೋ ಮೊಬೈಲಿನಲ್ಲಿ ನೋಡಬೇಕು.

ಇನ್ನು ನಾನು. ಕುಂದಾಪುರದ ಕಡೆಯವನು. ಹತ್ತನೆಯ ಕ್ಲಾಸು ಪಾಸು ಮಾಡಿ, ಹದಿನೇಳನೆಯ ವಯಸ್ಸಿಗೆ ಮದರಾಸಿನ ರೈಲು ಹತ್ತಿ, ಇದೇ ಪುರಸೈವಾಕ್ಕಂನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಮ್ಯಾನೇಜರ್ ಕುರ್ಚಿಯವರೆಗೆ ಬಂದವನು. ಊರಿನ ಹೆಸರು ಚೆನ್ನೈ ಆಯಿತು, ನಾನು ರಿಟೈರ್ ಆದೆ. ವಿದ್ಯುತ್ತಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ: ಮುಟ್ಟಬಾರದು.

ನಮ್ಮ ಮಾಷ್ಟ್ರು ಮುಟ್ಟದ ವಸ್ತು ಮನೆಯಲ್ಲಿ ಒಂದೂ ಇಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ಚಟ್ನಿಗೆ ಕಾಯಿ ತುರಿದಿಟ್ಟುಕೊಂಡು ಹುಡುಕುತ್ತಿದ್ದಳು.

"ಹೋಯ್, ನನ್ನ ಮಿಕ್ಸಿ ಎಲ್ಲಿ?"

ಒಳಗಿನ ಕೋಣೆಯಿಂದ ಉತ್ತರ ಬಂತು: "ಅಕ್ಕ, ಅದು ಮೂರನೇ ಪಾಠದಲ್ಲುಂಟು."

ಹೋಗಿ ನೋಡಿದರೆ ನಿಜ! ಮಿಕ್ಸಿ ಹನ್ನೆರಡು ತುಂಡಾಗಿ, ಒಂದೊಂದು ತುಂಡಿಗೆ ಚೀಟಿ ಅಂಟಿಸಿಕೊಂಡು, ಮೇಜಿನ ಮೇಲೆ ಮಲಗಿತ್ತು. ಆ ವಾರವಿಡೀ ನಾವು ಚಟ್ನಿಪುಡಿ ತಿಂದೆವು. ವಿದ್ಯೆಗಾಗಿ ಯಾರು ಯಾರೋ ಏನೇನೋ ತ್ಯಾಗ ಮಾಡಿದ್ದಾರಂತೆ. ನಾವು ಚಟ್ನಿ ಮಾಡಿದೆವು, ಅಂದರೆ ಮಾಡಲಿಲ್ಲ.

ಅವನ ಪಾಠ ಶುರುವಾಗುವುದು ಹಾಜರಿಯಿಂದ. ವಿಡಿಯೋ ಪಾಠಕ್ಕೆ ಹಾಜರಿ! ಎದುರಿಗೆ ಒಬ್ಬ ಶಿಷ್ಯನೂ ಇಲ್ಲ. ಆದರೂ ರಿಜಿಸ್ಟರು ತೆರೆದು ಒಂದೊಂದೇ ಹೆಸರು ಕರೆಯುತ್ತಾನೆ, ಕರೆದು ಮೂರು ಸೆಕೆಂಡು ಸುಮ್ಮನೆ ಕಾಯುತ್ತಾನೆ, ಆಮೇಲೆ ಗುರುತು ಹಾಕುತ್ತಾನೆ.

"ಎಂತ ಮಾರಾಯ, ಯಾರು ಕೂಗ್ತಾರೆ ಅಂತ ಕಾಯ್ತಿ?" ಎಂದು ಕೇಳಿದ್ದೆ.

"ಅವರು ಕೂಗ್ತಾರೆ ಭಾವ, ‘ಉಳ್ಳೇನ್ ಐಯಾ’ ಅಂತ. ನನಗೆ ಕೇಳುದಿಲ್ಲ, ಅಷ್ಟೇ."

ಉಳ್ಳೇನ್ ಐಯಾ ಎಂದರೆ ‘ಇದ್ದೇನೆ ಸ್ವಾಮಿ’. ಇಲ್ಲಿಯ ತಮಿಳು ಶಾಲೆಗಳಲ್ಲಿ ಮಕ್ಕಳು ಹಾಜರಿಗೆ ಹೇಳುವ ಮಾತು. ನೂರು ಹೆಸರು, ನೂರು ಮೌನ. ಒಂದು ದಿನ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ತಡೆಯಲಾಗದೆ, "ಇದ್ದಾನೆ ಮಾರಾಯ, ಮುಂದೆ ಹೋಗು!" ಎಂದು ಕೂಗಿದಳು. ಅದೂ ಪಾಠದಲ್ಲಿ ಸೇರಿತು. ಮುರುಗೇಶನ್ ಎಂಬ ಶಿಷ್ಯ, ತನ್ನ ಪರವಾಗಿ ಹಾಜರಿ ಹೇಳಿದ ಅಮ್ಮ ಯಾರು ಎಂದು ವಿಚಾರಿಸಿ ನಮಸ್ಕಾರ ತಿಳಿಸಿದ್ದ.

ಪ್ರಯೋಗದ ಸಾಮಾನು ಶಿಷ್ಯರ ಮನೆಗೇ ಕಳಿಸಬೇಕು ಎಂಬುದು ಅವನ ಇನ್ನೊಂದು ಹಟ. "ಕೈಯಲ್ಲಿ ತಂತಿ ಹಿಡಿಯದೆ ಎಲೆಕ್ಟ್ರಾನಿಕ್ಸ್ ಓದುದು ಅಂದ್ರೆ ನೀರಿಗೆ ಇಳಿಯದೆ ಈಜು ಕಲ್ತ ಹಾಗೆ ಭಾವ!" ಅದು ಸರಿ. ಆದರೆ ಸಾಮಾನು ತುಂಬಲು ಅವನು ಆರಿಸಿಕೊಂಡದ್ದು ನಮ್ಮ ಹಳೆಯ ಹೋಟೆಲಿನ ಮೈಸೂರುಪಾಕಿನ ಖಾಲಿ ಡಬ್ಬಿಗಳನ್ನು. ಕೊರಿಯರ್ ಅಂಗಡಿಯವನು ಸಿಹಿ ಎಂದು ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಬ್ಯಾಟರಿ, ಸುತ್ತ ತಂತಿ, ಮಧ್ಯೆ ಮಿಣಮಿಣ ಮಿನುಗುವ ಕೆಂಪು ದೀಪ! ಸ್ವಿಚ್ ಆಫ್ ಮಾಡಲು ನಮ್ಮವನು ಮರೆತಿದ್ದ. ಅಂಗಡಿ ಖಾಲಿಯಾಯಿತು. ಪಕ್ಕದ ಸೀರೆ ಅಂಗಡಿಯೂ ಖಾಲಿಯಾಯಿತು, ಆಡಿ, ಅಂದರೆ ತಮಿಳರ ಆಷಾಢದ ರಿಯಾಯಿತಿ ಮಾರಾಟದ ಮಧ್ಯದಲ್ಲಿ! ಪೊಲೀಸ್ ಇನ್ಸ್‌ಪೆಕ್ಟರು ಬಂದರು.

"ಹೆದರಬೇಡಿ ಸಾರ್, ಇದು ನಾಲ್ಕನೇ ಪಾಠ" ಎಂದ ನಮ್ಮವನು, ಅಲ್ಲೇ ಡಬ್ಬಿ ಬಿಚ್ಚಿ ತಮಿಳಿನಲ್ಲಿ ಅರ್ಧ ಗಂಟೆ ಸರಣಿ ಜೋಡಣೆ ವಿವರಿಸಿದ. ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡು, "ಸಾರ್, ನೀವಿನ್ನು ಹೋಗಬಹುದು" ಎಂದರು.

"ಹೋಗುವುದು ಹೇಗೆ ಸಾರ್? ಸಮಾಂತರ ಜೋಡಣೆ ಇನ್ನೂ ಬಾಕಿ ಇದೆಯಲ್ಲ!"

ಇಂಥವನಿಗೆ ಒಂದೇ ಒಂದು ದೌರ್ಬಲ್ಯ. ಮುಖ ಕಾಣದಿದ್ದರೆ ಬಾಯಿ ಹೊರಡುವುದಿಲ್ಲ. ಕೇಂದ್ರದ ಸ್ಟುಡಿಯೋದಲ್ಲಿ ಕ್ಯಾಮೆರಾ ಎದುರು ನಿಲ್ಲಿಸಿದಾಗ ಹತ್ತು ನಿಮಿಷ ಅದನ್ನೇ ನೋಡಿ, "ಇದಕ್ಕೆ ಅರ್ಥವಾಗ್ತಾ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಕೇಳಿ ಇಳಿದು ಬಂದಿದ್ದನಂತೆ. ಆಮೇಲೆ ಮನೆಯಲ್ಲೇ ಪಾಠ ಮಾಡತೊಡಗಿದ. ಮೊದಲು ಉಪ್ಪಿನಕಾಯಿ ಭರಣಿಗಳ ಮೇಲೆ ಸುಣ್ಣದಿಂದ ಕಣ್ಣು ಮೂಗು ಬರೆದು ಸಾಲಾಗಿ ಕೂರಿಸಿದ. ಅದು ನಡೆಯಲಿಲ್ಲ. ಊಟದ ಹೊತ್ತಿಗೆ ನನ್ನ ಹೆಂಡತಿ ಬಂದು ಮುಂದಿನ ಬೆಂಚಿನ ವಿದ್ಯಾರ್ಥಿಯನ್ನು ಎತ್ತಿಕೊಂಡು ಹೋದಳು.

ಕೊನೆಗೆ ಸಿಕ್ಕಿದ್ದು ನಾನು.

"ಭಾವ, ನೀವು ಸುಮ್ಮನೆ ಎದುರು ಕೂತ್ಕೊಳ್ಳಿ. ಅರ್ಥ ಆದ್ರೆ ತಲೆ ಆಡಿಸಿ. ನೀವು ತಲೆ ಆಡಿಸಿದ ಮೇಲೆ ನಾನು ಮುಂದೆ ಹೋಗುದು."

ಎಂಥ ಸುಲಭದ ಕೆಲಸ! ಕುರ್ಚಿ ಹಾಕಿದ. ನನ್ನ ಹಿಂದೆ, ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಮೊಬೈಲು ಕಟ್ಟಿದ. ಪಾಠ ಶುರುವಾಯಿತು. ಅವನು ಏನೋ ಹೇಳಿದ. ನಾನು ತಲೆಯಾಡಿಸಿದೆ.

ಇಲ್ಲೇ ನೋಡಿ ನನ್ನ ಪಾಪ ಇರುವುದು. ನನಗೆ ಒಂದಕ್ಷರ ಅರ್ಥವಾಗಿರಲಿಲ್ಲ!

ಹಾಗಾದರೆ ಯಾಕೆ ತಲೆಯಾಡಿಸಿದೆ? ಹೋಟೆಲಿನಲ್ಲಿ ನಲವತ್ತೈದು ವರ್ಷ ದುಡಿದವನನ್ನು ಕೇಳುವ ಪ್ರಶ್ನೆಯೇ ಇದು? ನಾನು ಕೆಲಸಕ್ಕೆ ಸೇರಿದ ದಿನ ಯಜಮಾನರು ಹೇಳಿಕೊಟ್ಟದ್ದು ಒಂದೇ ಪಾಠ: "ಗಿರಾಕಿ ಏನೇ ಹೇಳಲಿ, ಮೊದಲು ತಲೆಯಾಡಿಸು. ಅರ್ಥ ಮಾಡ್ಕೊಳ್ಳುದು ಆಮೇಲೆ." ಆಗ ನನಗೆ ತಮಿಳೂ ಬರುತ್ತಿರಲಿಲ್ಲ. ಒಬ್ಬ ಸೇಟು ಬಂದು ಹಿಂದಿಯಲ್ಲಿ ಐದು ನಿಮಿಷ ಏನೋ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿ ಎರಡು ಇಡ್ಲಿ ತಂದಿಟ್ಟೆ. ಅವರು ತಿಂದು ಹೋದರು. ಅವರು ಕೇಳಿದ್ದು ಸ್ಟೇಷನ್ನಿಗೆ ದಾರಿ ಎಂದು ಆಮೇಲೆ ತಿಳಿಯಿತು. ಹೀಗೆ ತಲೆಯಾಡಿಸಿಯೇ ಮ್ಯಾನೇಜರ್ ಆದವನು, ಒಬ್ಬ ಭಾವಮೈದುನನ ಮುಂದೆ ಅದನ್ನು ನಿಲ್ಲಿಸುತ್ತೇನೆಯೇ? ಜೊತೆಗೆ, ಓದಿದವನ ಎದುರು ‘ಅರ್ಥವಾಗಲಿಲ್ಲ’ ಎನ್ನಲು ನಾಚಿಕೆ. ಅವನ ಮನೆಯವರಿಗೆಲ್ಲ ನಾನು ‘ಹೋಟೆಲಿನ ಭಾವ’. ಆ ಮಾತಿನ ಮುಳ್ಳು ಒಳಗೆಲ್ಲೋ ಇತ್ತು.

ಮೊದಮೊದಲು ಒಂದು ಪಾಠಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ನನ್ನ ತಲೆ ಪಳಗಿದಂತೆ ಮುಕ್ಕಾಲು ಗಂಟೆಗೆ ಇಳಿಯಿತು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬಂದ ದಿನ ಇಪ್ಪತ್ತೇ ನಿಮಿಷ! ಅವನಿಗೆ ಸಂತೋಷವೋ ಸಂತೋಷ. "ಭಾವನ ಗ್ರಹಣಶಕ್ತಿ ನೋಡು ಅಕ್ಕ!" ಎನ್ನುತ್ತಿದ್ದ. ಕೇಂದ್ರಕ್ಕೆ ವರದಿಯನ್ನೂ ಬರೆದ: ಈ ಪಾಠಗಳನ್ನು ಹೈಸ್ಕೂಲು ಓದಿದ ಹಿರಿಯರೊಬ್ಬರ ಮೇಲೆ ಪ್ರಯೋಗಿಸಿ ನೋಡಲಾಗಿದೆ, ಫಲಿತಾಂಶ ಪೂರ್ಣ ತೃಪ್ತಿಕರ.

ತೃಪ್ತಿಕರವಾಗಿದ್ದದ್ದು ನಾನು ಮಾತ್ರ. ಶಿಷ್ಯರು ಒಬ್ಬೊಬ್ಬರಾಗಿ ಕೋರ್ಸು ಬಿಡತೊಡಗಿದರು. ನೂರು ಜನ ಸೇರಿದರೆ ಪರೀಕ್ಷೆಗೆ ಕಾಲು ಭಾಗವೂ ಉಳಿಯುತ್ತಿರಲಿಲ್ಲ. ಪ್ರಶ್ನೆ ಕೇಳುವವರಿಲ್ಲ, ಪ್ರಯೋಗ ಮಾಡಿ ಫೋಟೋ ಕಳಿಸುವವರಿಲ್ಲ. ಮೂರು ವರ್ಷ ಹೀಗೇ ಆಯಿತು. ಅವನು ರಿಜಿಸ್ಟರಿನಲ್ಲಿ ಒಂದೊಂದು ಹೆಸರಿಗೆ ಗೆರೆ ಎಳೆಯುತ್ತ, "ಭಾವನಿಗೆ ಅರ್ಥ ಆಗ್ತದೆ, ಅಂದ್ರೆ ಪಾಠ ಸರಿ ಉಂಟು. ಇವರಿಗೆ ಶ್ರದ್ಧೆ ಇಲ್ಲ" ಎನ್ನುತ್ತಿದ್ದ. ನಾನು ಅದಕ್ಕೂ ತಲೆಯಾಡಿಸುತ್ತಿದ್ದೆ. ಕೊನೆಗೆ ಕೇಂದ್ರದಿಂದ ಕಾಗದ ಬಂತು. ಈಗಷ್ಟೇ ಸೇರಿದ ತಂಡದಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟರೆ ಕೋರ್ಸನ್ನೇ ನಿಲ್ಲಿಸಲಾಗುವುದು.

ಆ ದಿನ ಅವನು ಯಾವ ಸಾಮಾನನ್ನೂ ಬಿಚ್ಚಲಿಲ್ಲ. ಮನೆಯ ಮಿಕ್ಸಿ ಇಡಿಯಾಗಿ ಕೂತಿತ್ತು. ಅದನ್ನು ನೋಡಿ ನನ್ನ ಹೆಂಡತಿ, "ಹೋಯ್, ಇವನಿಗೆ ಹುಷಾರಿಲ್ಲವಾ ಎಂತ?" ಎಂದು ಗಾಬರಿಯಾದಳು.

ಮಾರನೆಯ ದಿನ ಸಂಜೆ ಅವನು ಹೊರಗೆ ಹೋಗಿದ್ದಾಗ ಅವನ ಫೋನು ಮೇಜಿನ ಮೇಲೆ ಬಡಿದುಕೊಂಡಿತು. ಎತ್ತಿದೆ. ಪಲ್ಲಾವರಂನಿಂದ ಒಬ್ಬ ಹೆಂಗಸು, ಸೆಲ್ವಿ ಎಂದು ಹೆಸರು. ಮನೆಯಲ್ಲೇ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾಳಂತೆ. ಡಿಪ್ಲೊಮಾ ಮುಗಿಸಿ ಸ್ವಂತ ಬೋರ್ಡು ಹಾಕುವ ಆಸೆಯಂತೆ. ಅವಳ ತಮಿಳನ್ನು ಕನ್ನಡದಲ್ಲಿ ಹೇಳುತ್ತೇನೆ.

"ಸಾರ್‌ಗೆ ಹೇಳಿಬಿಡಿ ಐಯಾ, ನಾನು ಕೋರ್ಸು ಬಿಡ್ತಾ ಇದ್ದೀನಿ. ಸಾರ್ ತಪ್ಪಲ್ಲ. ನನ್ನ ತಲೆಗೇ ಹತ್ತೋದಿಲ್ಲ."

"ಅರ್ಥ ಆಗದಿದ್ರೆ ಕೇಳಬಹುದಲ್ಲಮ್ಮ?"

"ಹೇಗೆ ಕೇಳಲಿ? ವಿಡಿಯೋದ ಮೂಲೆಯಲ್ಲಿ ಒಬ್ಬ ಮೊಟ್ಟೆ ತಾತಾ ಕೂತಿರ್ತಾರೆ. ಸಾರ್ ಹೇಳಿ ಮುಗಿಸೋ ಮೊದಲೇ ಅವರಿಗೆ ಅರ್ಥ ಆಗಿಬಿಡುತ್ತೆ, ತಲೆ ಆಡಿಸ್ತಾರೆ. ಆ ವಯಸ್ಸಿನವರಿಗೇ ಅರ್ಥ ಆಗುತ್ತೆ, ನನಗೆ ಆಗಲ್ಲ ಅಂದ್ರೆ ನಾನೆಷ್ಟು ದಡ್ಡಿ! ನಮ್ಮ ಗ್ರೂಪಿನಲ್ಲಿ ಎಲ್ಲರೂ ಹೀಗೇ ಅಂತಾರೆ."

ತಮಿಳಿನಲ್ಲಿ ಮೊಟ್ಟೆ ಎಂದರೆ ಬೋಳುತಲೆ. ನಾನು ಕೈಯಿಂದ ನನ್ನ ತಲೆಯ ಹಿಂಭಾಗ ಮುಟ್ಟಿ ನೋಡಿಕೊಂಡೆ. ಅದು ವಿಡಿಯೋದಲ್ಲಿ ಬೀಳುತ್ತಿದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ! ಅವನು ತನ್ನ ಪಾಠ ತಾನು ನೋಡುವವನಲ್ಲ, ತನ್ನ ದನಿ ಕೇಳಿದರೆ ಅವನಿಗೆ ನಾಚಿಕೆ. ನಾನು ಎದುರು ಕೂತಾಗಲೇ ನೋಡಿದವನಲ್ಲ, ಇನ್ನು ಮೊಬೈಲಿನಲ್ಲಿ ನೋಡುತ್ತೇನೆಯೇ?

"ಅಮ್ಮಾ," ಎಂದೆ, "ಒಂದು ವಾರ ತಾಳು. ಆ ತಾತಾನ ವಿಷಯ ನಾನು ವಿಚಾರಿಸ್ತೇನೆ."

ಮಾರನೆಯ ಬೆಳಿಗ್ಗೆ ಕಾಫಿ ಮುಗಿಸಿ ಅವನ ಕೋಣೆಗೆ ಹೋದೆ. ಹತ್ತನೆಯ ಕ್ಲಾಸಿನಲ್ಲಿ ಒಂದೇ ಒಂದು ಸಲ ಎದ್ದು ನಿಂತು, "ಅರ್ಥ ಆಗಲಿಲ್ಲ ಸಾರ್" ಎಂದಿದ್ದೆ. ಅಂದು ಪೀರಿಯಡ್ಡು ಮುಗಿಯುವವರೆಗೆ ಬೆಂಚಿನ ಮೇಲೆ ನಿಂತಿದ್ದೆ. ಆಮೇಲೆ ಆ ಮಾತನ್ನು ಜೀವಮಾನದಲ್ಲಿ ಯಾರೆದುರೂ ಆಡಿರಲಿಲ್ಲ.

"ಮಾರಾಯ, ಒಂದು ವಿಷಯ. ನನಗೆ ನಿನ್ನ ಪಾಠ ಅರ್ಥ ಆಗ್ಲಿಲ್ಲ."

ಅವನು ಕನ್ನಡಕ ಸರಿಮಾಡಿಕೊಂಡು ರಿಜಿಸ್ಟರು ಎಳೆದುಕೊಂಡ. "ಹೌದಾ? ಎಲ್ಲಿಂದ ಅರ್ಥ ಆಗ್ಲಿಲ್ಲ ಭಾವ? ಟ್ರಾನ್ಸಿಸ್ಟರಿಂದಲಾ?"

"ಅದಕ್ಕಿಂತ ಸ್ವಲ್ಪ ಮೊದಲು."

"ಕೆಪಾಸಿಟರಾ?"

"ಮೊದಲನೇ ಪಾಠದಲ್ಲಿ ‘ಎಲ್ಲರಿಗೂ ನಮಸ್ಕಾರ’ ಅಂದಿಯಲ್ಲ? ಅಲ್ಲಿಯವರೆಗೆ ಚೆನ್ನಾಗಿ ಅರ್ಥ ಆಯ್ತು."

ಹೋಟೆಲು, ಯಜಮಾನರು, ಸೇಟು, ಉಪ್ಪಿಟ್ಟು, ಸೆಲ್ವಿ, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ ತಲೆ ತಗ್ಗಿಸಿದೆ. ಬೈಯಲಿ ಎಂದೇ ಕಾದೆ. ಮೂರು ವರ್ಷದ ದುಡಿಮೆ ಹಾಳು ಮಾಡಿದವನಿಗೆ ಬೈಗುಳ ಕಡಿಮೆಯೇ.

ಅವನು ಎದ್ದು ನಿಂತ. ಕಿಟಕಿಯವರೆಗೆ ಹೋದ, ಹಿಂದೆ ಬಂದ. ಆಮೇಲೆ ಎರಡೂ ಕೈಯಿಂದ ಮೇಜು ಗುದ್ದಿ ಕೂಗಿದ: "ಅಕ್ಕಾ! ಫಾಲ್ಟ್ ಸಿಕ್ಕಿತು!"

ಹೆಂಡತಿ ಸೌಟು ಹಿಡಿದು ಓಡಿಬಂದಳು. "ಎಂತದ್ದರ ಫಾಲ್ಟು? ಫ್ರಿಜ್ಜಾ?"

"ಭಾವ! ಭಾವನೇ ಫಾಲ್ಟು! ಮುಳ್ಳು ಸಿಕ್ಕಿಕೊಂಡ ಮೀಟರು ನೋಡು ಇವರು. ಕರೆಂಟು ಇದ್ರೂ ಫುಲ್ಲು ತೋರಿಸ್ತದೆ, ಇಲ್ಲದಿದ್ರೂ ಫುಲ್ಲು ತೋರಿಸ್ತದೆ. ನಾನು ಆ ಮೀಟರು ನಂಬಿ ಮೂರು ವರ್ಷ..." ಎಂದವನ ದನಿ ಅಲ್ಲಿಗೆ ಇಳಿಯಿತು. ಕುರ್ಚಿಯಲ್ಲಿ ಕೂತ. "ಮೂರು ವರ್ಷ ಆ ಮಕ್ಕಳಿಗೆ ಶ್ರದ್ಧೆ ಇಲ್ಲ ಅಂತ ಬೈದೆನಲ್ಲ ಭಾವ. ಅವರ ತಪ್ಪಲ್ಲ. ದೇವರು ದೊಡ್ಡವನು, ನಮ್ಮ ತಪ್ಪು! ನಮ್ಮದಾದ್ರೆ ರಿಪೇರಿ ಮಾಡಬಹುದು."

ತನ್ನ ತಪ್ಪು ಎಂದು ತಿಳಿದು ಇಷ್ಟು ಹಗುರಾದ ಮನುಷ್ಯನನ್ನು ನಾನು ಕಂಡಿಲ್ಲ. ನನಗೂ ಎದೆಯ ಮೇಲಿನಿಂದ ಹಿಟ್ಟು ರುಬ್ಬುವ ಕಲ್ಲು ಇಳಿಸಿದಂತಾಯಿತು.

ರಿಪೇರಿ ಶುರುವಾಯಿತು. ನನ್ನ ಹಳೆಯ ಹೋಟೆಲಿನ ಕೌಂಟರಿನಲ್ಲಿ ಒತ್ತಿದರೆ ಟಿಂಗ್ ಎನ್ನುವ ಗಂಟೆಯೊಂದಿತ್ತು. ರಿಟೈರ್ ಆದಾಗ ನೆನಪಿಗೆಂದು ಕೊಟ್ಟಿದ್ದರು. ಅದು ನನ್ನ ಮಡಿಲಿಗೆ ಬಂತು. ತಲೆಯಾಡಿಸುವುದಕ್ಕೆ ನಿಷೇಧ. ಅರ್ಥವಾಗದಿದ್ದರೆ ಟಿಂಗ್! ಆಗ ಅವನು ನಿಲ್ಲಿಸಬೇಕು, ವಿಡಿಯೋ ನೋಡುವವರೂ ನಿಲ್ಲಿಸಿ, ತಮಗೆ ಅರ್ಥವಾಗದ್ದು ಏನು ಎಂದು ಬರೆದು ಕಳಿಸಬೇಕು. ಮೊದಲನೆಯ ಪಾಠವನ್ನು ಮತ್ತೆ ಮಾಡಿದ ದಿನ ‘ಎಲ್ಲರಿಗೂ ನಮಸ್ಕಾರ’ ಆದ ಮೇಲಿನ ಮೊದಲ ವಾಕ್ಯಕ್ಕೇ ಟಿಂಗ್. "ಕರೆಂಟು ಅಂದ್ರೆ ಹರಿಯುವುದು ಅಂತೀಯಲ್ಲ, ಯಾವುದು ಹರಿಯುವುದು? ಕಾಣುವುದೇ ಇಲ್ಲವಲ್ಲ!" ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲವಂತೆ. ಆ ಪಾಠ ಮುಗಿಯಲು ಎರಡು ದಿನ ಹಿಡಿಯಿತು.

ಕೆಪಾಸಿಟರಿಗೆ ಬಂದಾಗ ನಾನು ಗಂಟೆ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡೆ. ಅವನು ಬೇರೆ ಬೇರೆ ರೀತಿ ಹೇಳಿದ. ಕರೆಂಟು ಏರಿಳಿಯುತ್ತ ಬರುತ್ತದೆ, ಕೆಪಾಸಿಟರು ತುಂಬಿಕೊಂಡು ಸಮನಾಗಿ ಬಿಡುತ್ತದೆ. ಟಿಂಗ್. ಏನದು ತುಂಬಿಕೊಳ್ಳುವುದು? ಹಾಗೆ ಕೂತಿದ್ದಾಗ ತಟ್ಟನೆ ನನಗೆ ಹೋಟೆಲು ಕಂಡಿತು.

"ತಡಿ ಮಾರಾಯ. ಅಡುಗೆಮನೆಯಿಂದ ಸಾಂಬಾರು ಗಂಟೆಗೊಂದು ಸಲ ಒಮ್ಮೆಲೇ ಬರ್ತದೆ. ಆದ್ರೆ ಊಟದ ಹಾಲ್‌ನಲ್ಲಿ ಬಡಿಸುದು ನಿಲ್ಲುದಿಲ್ಲ. ಯಾಕೆ? ಮಧ್ಯೆ ಒಂದು ದೊಡ್ಡ ಹಂಡೆ ಉಂಟಲ್ಲ! ಬಂದಾಗ ತುಂಬ್ತದೆ, ಬರದಿದ್ದಾಗ ಕೊಡ್ತದೆ. ಅದಾ?"

ಅವನ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. "ಭಾವ! ನಲವತ್ತೈದು ವರ್ಷ ನೀವು ಕೆಪಾಸಿಟರಿನ ಪಕ್ಕದಲ್ಲೇ ಕೂತಿದ್ದೀರಿ!"

ಆ ಪಾಠದ ಕೊನೆಗೆ, ನಿಮ್ಮ ನಿಮ್ಮ ಕೆಲಸದಲ್ಲಿ ಕೆಪಾಸಿಟರು ಎಲ್ಲಿದೆ ಬರೆಯಿರಿ ಎಂದು ಕೇಳಿದ. ಉತ್ತರಗಳು ಬಂದು ಬಿದ್ದವು! ಸೆಲ್ವಿ ಬರೆದಿದ್ದಳು: ಶುಕ್ರವಾರದ ಪಲ್ಲಾವರಂ ಸಂತೆಯಲ್ಲಿ ಒಮ್ಮೆಲೇ ಕೊಂಡ ಹಳೆಯ ಸಾಮಾನನ್ನು ವಾರವಿಡೀ ಒಂದೊಂದಾಗಿ ಬಳಸುತ್ತೇನೆ, ನಮ್ಮ ಮನೆಯ ಅಟ್ಟವೇ ಕೆಪಾಸಿಟರು. ಕೆಳಗೆ ಒಂದು ಸಾಲು: ತಾತಾಗೂ ಅರ್ಥವಾಗುವುದಿಲ್ಲ ಎಂದು ತಿಳಿದು ತುಂಬ ಸಮಾಧಾನವಾಯಿತು.

ನನ್ನ ದಡ್ಡತನದಿಂದ ಒಬ್ಬರಿಗೆ ಸಮಾಧಾನವಾಗಿದ್ದು ಅದೇ ಮೊದಲು!

ಆ ತಂಡದಲ್ಲಿ ಬಿಟ್ಟು ಹೋದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಕೋರ್ಸು ಮುಂದುವರಿಯುತ್ತದೆ ಎಂದು ಕಾಗದ ಬಂದ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವನು ಸಂಜೆ ದೀಪ ಹಚ್ಚುವಾಗ ಎದ್ದೆ. ಮಿಕ್ಸಿ ಮತ್ತೆ ಮೂರನೇ ಪಾಠದಲ್ಲಿತ್ತು. ಹೆಂಡತಿ ಬೈಯುತ್ತಿದ್ದಳು. ಎಲ್ಲವೂ ಸರಿಯಾಗಿತ್ತು.

ಕಳೆದ ತಿಂಗಳು ಗಿಂಡಿಯಲ್ಲಿ ಪ್ರಾಯೋಗಿಕ ತರಗತಿ. ಶಿಷ್ಯರೆಲ್ಲ ವರ್ಷಕ್ಕೊಮ್ಮೆ ಒಂದೆಡೆ ಸೇರುವ ದಿನ. ನೀವೂ ಬನ್ನಿ ಎಂದು ನನ್ನನ್ನೂ ಮೆಟ್ರೋದಲ್ಲಿ ಕರೆದೊಯ್ದ. ಬಾಗಿಲಲ್ಲಿ ನಿಂತೆ. ಎಲ್ಲರೂ ಯಾರೋ ಅಪರಿಚಿತ ಮುದುಕ ಎಂಬಂತೆ ನೋಡಿದರು. ನಡುವಯಸ್ಸಿನ ಒಬ್ಬ ಹೆಂಗಸು ಅನುಮಾನದಿಂದ ಹತ್ತಿರ ಬಂದಳು. "ತಾತಾ, ಕೊಂಜಂ ತಿರುಂಬುಂಗ." ಸ್ವಲ್ಪ ತಿರುಗಿ ಎಂದು ಅರ್ಥ. ತಿರುಗಿದೆ. ಇಡೀ ಕೋಣೆ, "ಆ! ನಮ್ಮ ತಾತಾ!" ಎಂದು ಕೂಗಿತು. ಕೇಳಿದವಳು ಸೆಲ್ವಿ. ಮುಖ ನೋಡಿ ಗುರುತಿಸುವ ಜನರ ನಡುವೆ ಬದುಕಿದ್ದೆ, ಹಿಂದಲೆ ನೋಡಿ ಕೈಮುಗಿದವರನ್ನು ಅಂದೇ ಕಂಡೆ.

ಕೊನೆಯ ಬೆಂಚಿನಲ್ಲಿ ಕೂತೆ. ನಮ್ಮವನು ರಿಜಿಸ್ಟರು ತೆರೆದ. ಒಂದೊಂದು ಹೆಸರು ಕರೆದ, ಮೂರು ಸೆಕೆಂಡು ಕಾದ. ಈ ಸಲ ಮೌನವಿರಲಿಲ್ಲ. "ಉಳ್ಳೇನ್ ಐಯಾ", "ಉಳ್ಳೇನ್ ಐಯಾ" ಎಂದು ಒಂದೊಂದು ಮೂಲೆಯಿಂದ ದನಿ ಎದ್ದಿತು. ವರ್ಷವಿಡೀ ಅವನಿಗೆ ಕೇಳದೆ ಇದ್ದ ದನಿಗಳು.

ಪಟ್ಟಿ ಮುಗಿಯಿತು ಎಂದುಕೊಂಡೆ. ಅವನು ಇನ್ನೂ ಒಂದು ಹೆಸರು ಕರೆದ. ಯಾರೂ ಏಳಲಿಲ್ಲ. ಯಾರಪ್ಪ ಇವನು ಎಂದು ನಾನೂ ಅತ್ತಿತ್ತ ನೋಡಿದೆ.

ನನ್ನದೇ ಹೆಸರು!

ಮನೆಯಲ್ಲಿ ನಾನು ‘ಹೋಯ್’, ಹೋಟೆಲಿನಲ್ಲಿ ‘ಮ್ಯಾನೇಜರ್’, ಅವನಿಗೆ ‘ಭಾವ’. ಕ್ಲಾಸಿನಲ್ಲಿ ಆ ಹೆಸರು ಕೊನೆಯದಾಗಿ ಕರೆದದ್ದು ಹತ್ತನೆಯ ತರಗತಿಯಲ್ಲಿ. ಬೆಂಚು ಹಿಡಿದುಕೊಂಡು ಎದ್ದೆ. ಹಳೆಯ ಅಭ್ಯಾಸದಂತೆ ತಲೆಯಾಡಿಸಲು ಹೋಗಿ ತಡೆದುಕೊಂಡೆ. ಒಂದು ಸೆಕೆಂಡು, ಎರಡು, ಮೂರು. ಮೂರು ದಾಟಿತು.

ಅವನು ಪೆನ್ನು ಎತ್ತಿ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ, ಕಾದ.